ಸ್ವಸೇವಾ ಲಾಂಡ್ರಿಯಲ್ಲಿ ಬಟ್ಟೆ, ದುಡ್ಡು, ಜೀವ: ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನೊಂದು ವರ್ಷ ನಾನು ವಾರದ ಬಟ್ಟೆಯನ್ನೆಲ್ಲ ಸ್ವಸೇವಾ ಲಾಂಡ್ರಿಗಳಲ್ಲೇ ಒಗೆದುಕೊಂಡಿದ್ದೇನೆ. ಅದರಲ್ಲಿ ಎರಡು ವರ್ಷ ಅಂಥದೇ ಒಂದು ಕಡೆ ಸಂಜೆ ಪಾಳಿಯ ಸಿಬ್ಬಂದಿಯಾಗಿಯೂ ಇದ್ದೆ. ಆಗ ಕೌಂಟರಿನ ಹಿಂದೆ ನಿಂತು ಕೇಳಿಸಿಕೊಂಡ, ಆಮೇಲೆ ಪತ್ರಗಳಲ್ಲೂ ಮಾತುಕತೆಯಲ್ಲೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿದ್ದೇನೆ. ಮೊದಲಿಗೆ ಸರಳವಾದವು, ಹೋಗುತ್ತಾ ಹೋಗುತ್ತಾ ತೊಡಕಿನವು.

## ಮೊದಲ ಸಲ ಹೋಗುವವರಿಗೆ

ಲಾಂಡ್ರೋಮ್ಯಾಟ್ ಎಂದರೆ ಅವರೇ ಒಗೆದು ಕೊಡುತ್ತಾರೆಯೇ, ನಾವೇ ಒಗೆದುಕೊಳ್ಳಬೇಕೇ?

ನೀವೇ ಒಗೆದುಕೊಳ್ಳಬೇಕು. ಯಂತ್ರ, ನೀರು, ವಿದ್ಯುತ್ತು ಅವರದು. ಬಟ್ಟೆ, ಸೋಪು, ಸಮಯ ನಿಮ್ಮದು. 1934ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್‌ನಲ್ಲಿ ನಾಲ್ಕು ವಿದ್ಯುತ್ ಯಂತ್ರಗಳನ್ನಿಟ್ಟು ಬಾಡಿಗೆಗೆ ಕೊಡುತ್ತಿದ್ದ 'ವಾಷಟೇರಿಯಾ' ಎಂಬ ಅಂಗಡಿಯನ್ನು ಈ ವ್ಯವಹಾರದ ಮೊದಲ ಮಾದರಿ ಎಂದು ಗುರುತಿಸುತ್ತಾರೆ. ಬ್ರಿಟನ್ನಿನಲ್ಲಿ ಇಂಥದು ಮೊದಲು ತೆರೆದದ್ದು 1949ರಲ್ಲಿ, ಲಂಡನ್ನಿನಲ್ಲಿ. ಲಾಂಡ್ರೋಮ್ಯಾಟ್ ಎಂಬ ಹೆಸರು ಮೊದಲಿಗೆ ವೆಸ್ಟಿಂಗ್‌ಹೌಸ್ ಕಂಪನಿಯ ಸ್ವಯಂಚಾಲಿತ ಯಂತ್ರದ ವ್ಯಾಪಾರಮುದ್ರೆಯಾಗಿತ್ತು. ಬರಬರುತ್ತಾ ಅಂಗಡಿಗೇ ಆ ಹೆಸರು ಅಂಟಿಕೊಂಡಿತು. ಕೆಲವು ಕಡೆ ಬಟ್ಟೆಯನ್ನು ತೂಕ ಮಾಡಿಸಿ ಕೊಟ್ಟರೆ ಒಗೆದು ಮಡಚಿ ಇಡುವ ಸೇವೆಯೂ ಇರುತ್ತದೆ. ಅದರ ಲೆಕ್ಕವೇ ಬೇರೆ, ಮುಂದೆ ಹೇಳಿದ್ದೇನೆ.

ಮನೆಯಿಂದ ಏನೇನು ತೆಗೆದುಕೊಂಡು ಹೋಗಬೇಕು?

ಎರಡು ಚೀಲ ಒಯ್ಯಿರಿ: ಕೊಳೆಬಟ್ಟೆಗೆ ಒಂದು, ಒಗೆದದ್ದಕ್ಕೆ ಇನ್ನೊಂದು. ಕೊಳೆಬಟ್ಟೆ ತಂದ ಚೀಲದಲ್ಲೇ ಒಗೆದ ಬಟ್ಟೆಯನ್ನು ತುಂಬಿಕೊಂಡು ಹೋಗುವವರನ್ನು ಎಷ್ಟೋ ಸಲ ನೋಡಿದ್ದೇನೆ, ಪಟ್ಟ ಶ್ರಮವೆಲ್ಲ ಅಲ್ಲೇ ವ್ಯರ್ಥ. ಸೋಪನ್ನು ಡಬ್ಬಿ ಸಮೇತ ಹೊತ್ತೊಯ್ಯಬೇಡಿ, ಆ ದಿನಕ್ಕೆ ಬೇಕಾದಷ್ಟನ್ನು ಸಣ್ಣ ಸೀಸೆಯಲ್ಲಿ ಹಾಕಿಕೊಳ್ಳಿ. ಒಂದು ಹಳೆಯ ಬಿಳಿ ಬಟ್ಟೆಯ ತುಂಡು ಜೊತೆಗಿರಲಿ, ಅದರ ಉಪಯೋಗ ಕೆಳಗೆ ಬರುತ್ತದೆ. ಮೊಬೈಲ್ ಪೂರ್ತಿ ಚಾರ್ಜ್ ಆಗಿರಲಿ. ಒಡವೆ, ಲ್ಯಾಪ್‌ಟಾಪ್, ಮುಖ್ಯ ಕಾಗದಪತ್ರ ಮನೆಯಲ್ಲೇ ಇರಲಿ.

ಯಾವ ಹೊತ್ತಿಗೆ ಹೋದರೆ ಒಳ್ಳೆಯದು?

ವಾರದ ನಡುವಿನ ದಿನಗಳ ಬೆಳಗ್ಗೆ. ರಜಾದಿನದ ಮಧ್ಯಾಹ್ನ ಬಟ್ಟೆ ಒಣಗಿಸುವ ಯಂತ್ರವಾದ ಡ್ರೈಯರ್‌ಗಾಗಿ ಜಗಳವೇ ನಡೆಯುತ್ತದೆ. ತೀರಾ ಖಾಲಿ ಇರುವ ಹೊತ್ತೂ ಒಳ್ಳೆಯದಲ್ಲ. ನಾಲ್ಕಾರು ಜನ ಇದ್ದು ಒಂದೆರಡು ಯಂತ್ರ ಬಿಡುವಾಗಿರುವ ಹೊತ್ತು ಎಲ್ಲ ರೀತಿಯಿಂದಲೂ ಅನುಕೂಲ. ಎರಡು ವಾರ ಬೇರೆ ಬೇರೆ ವೇಳೆಗೆ ಹೋಗಿ ನೋಡಿದರೆ ನಿಮ್ಮ ಜಾಗದ ಆ ಹೊತ್ತು ಯಾವುದು ಎಂದು ತಿಳಿಯುತ್ತದೆ.

ದುಡ್ಡು ಒಂದೇ ಎಂದ ಮೇಲೆ ಯಂತ್ರದ ತುಂಬ ಬಟ್ಟೆ ತುರುಕುವುದರಲ್ಲಿ ತಪ್ಪೇನು?

ಮುಂದೆ ಬಾಗಿಲಿರುವ ಯಂತ್ರದಲ್ಲಿ ಕೊಳೆ ಬಿಡುವುದು ಬಟ್ಟೆ ಮೇಲೇರಿ ಧೊಪ್ಪನೆ ನೀರಿಗೆ ಬೀಳುವುದರಿಂದ. ಕಲ್ಲಿನ ಮೇಲೆ ಬಡಿದು ಒಗೆಯುವ ಕೆಲಸವನ್ನೇ ಆ ಡ್ರಮ್ಮು ಮಾಡುತ್ತಿರುತ್ತದೆ. ಬೀಳಲು ಜಾಗವೇ ಇಲ್ಲದಿದ್ದರೆ ಬಟ್ಟೆ ಗಂಟಿನಂತೆ ಸುತ್ತುತ್ತದೆ ಅಷ್ಟೆ. ಹೊರಗೆ ತೆಗೆದಾಗ ನಡುವಿನ ಬಟ್ಟೆಯ ಮಡಿಕೆಯಲ್ಲಿ ಸೋಪಿನ ಪುಡಿ ಕರಗದೆ ಹಾಗೆಯೇ ಕುಳಿತಿರುತ್ತದೆ. ಬಟ್ಟೆ ತುಂಬಿದ ಮೇಲೆ ಡ್ರಮ್ಮಿನ ಮೇಲ್ಭಾಗದಲ್ಲಿ ನಿಮ್ಮ ಅಂಗೈಯನ್ನು ಲಂಬವಾಗಿ ಹಿಡಿಯುವಷ್ಟು ಜಾಗ ಉಳಿದಿರಲಿ. ಡ್ರೈಯರ್‌ನಲ್ಲಿ ಇನ್ನೂ ಸಡಿಲ ಬೇಕು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಿದರೆ ಬಿಸಿಗಾಳಿ ಒಳಹೊಕ್ಕುವುದೇ ಇಲ್ಲ.

ಸೋಪು ಸ್ವಲ್ಪ ಜಾಸ್ತಿ ಹಾಕಿದರೆ ಇನ್ನೂ ಶುಭ್ರವಾಗುವುದಿಲ್ಲವೇ?

ಆಗುವುದಿಲ್ಲ. ನೊರೆ ಹೆಚ್ಚಾದಷ್ಟೂ ಬಟ್ಟೆ ಮೆತ್ತೆಯ ಮೇಲೆ ಬಿದ್ದಂತೆ ಬೀಳುತ್ತದೆ, ಪೆಟ್ಟು ತಗಲುವುದಿಲ್ಲ. ಜಾಲಿಸುವಾಗ ನೊರೆ ಪೂರ್ತಿ ಹೋಗುವುದೂ ಇಲ್ಲ. ಒಣಗಿದ ಮೇಲೆ ಟವೆಲ್ಲು ಹಪ್ಪಳದಂತೆ ಗಡುಸಾಗಿದ್ದರೆ, ಬೆವರು ತಾಗಿದೊಡನೆ ಅಂಗಿ ಅಂಟಂಟಾದರೆ, ಸೋಪು ಉಳಿದಿದೆ ಎಂದೇ ಅನುಮಾನಿಸಿ. ಡಬ್ಬಿಯ ಮೇಲೆ ಬರೆದ ಅಳತೆಗಿಂತ ಒಂದು ಗುಕ್ಕು ಕಡಿಮೆಯೇ ಇರಲಿ.

## ಶುಚಿತ್ವ, ಕ್ರಿಮಿ, ಕಲೆ

ಯಾರ್ಯಾರೋ ಏನೇನೋ ಒಗೆದ ಯಂತ್ರದಲ್ಲಿ ನನ್ನ ಬಟ್ಟೆ ಹಾಕಲು ಮನಸ್ಸೇ ಬರುವುದಿಲ್ಲ. ನನ್ನದು ಅತಿಯಾಯಿತೇ?

ಅತಿಯಲ್ಲ. ನನಗೂ ಮೊದಲ ತಿಂಗಳು ಹಾಗೆಯೇ ಆಗಿತ್ತು. ಅದಕ್ಕೇ ಒಂದು ನಿಮಿಷದ ಪರೀಕ್ಷೆ ರೂಢಿಸಿಕೊಂಡೆ. ಬಾಗಿಲು ತೆರೆದು ಮೊದಲು ಮೂಸುತ್ತೇನೆ: ಮುಗ್ಗಲು ವಾಸನೆ ಬಂದರೆ ಪಕ್ಕದ ಯಂತ್ರಕ್ಕೆ ಹೋಗುತ್ತೇನೆ. ಆಮೇಲೆ ಬಾಗಿಲ ಸುತ್ತಲಿನ ರಬ್ಬರಿನ ಮಡಿಕೆಯನ್ನು ಬೆರಳಿನಿಂದ ಎಳೆದು ನೋಡುತ್ತೇನೆ. ಕೂದಲು, ಮರಳು, ಕರಗದ ಟಿಶ್ಯೂ ಕಾಗದ, ಹೇರ್‌ಪಿನ್ನು ಎಲ್ಲ ಅಲ್ಲೇ ಅಡಗಿರುತ್ತವೆ. ಕೊನೆಗೆ ಆ ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಡ್ರಮ್ಮಿನ ಒಳಗೋಡೆಯನ್ನು ಒಮ್ಮೆ ಸುತ್ತಿ ಒರೆಸುತ್ತೇನೆ. ಬಣ್ಣ, ಜಿಡ್ಡು, ತುಕ್ಕು ಇದ್ದರೆ ಅದರಲ್ಲಿ ಕಂಡೇ ಕಾಣುತ್ತದೆ.

ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ಖಾಲಿ ಡ್ರಮ್ಮಿನಲ್ಲಿ ಒಮ್ಮೆ ನೀರು ಜಾಲಿಸುವ ಸುತ್ತನ್ನು ಓಡಿಸಿ. ನೆನಪಿಡಬೇಕಾದ ಮಾತು ಇನ್ನೊಂದಿದೆ: ಯಂತ್ರಕ್ಕಿಂತ ಹೆಚ್ಚು ಕೊಳೆ ಇರುವುದು ಮಡಚುವ ಮೇಜಿನ ಮೇಲೆ, ಚಕ್ರದ ಬುಟ್ಟಿಯೊಳಗೆ. ಡ್ರಮ್ಮು ದಿನಕ್ಕೆ ಹತ್ತು ಸಲ ಸೋಪುನೀರಿನಲ್ಲಿ ಮೀಯುತ್ತದೆ, ಆ ಬುಟ್ಟಿಯನ್ನು ಮಾತ್ರ ಯಾರೂ ತೊಳೆಯುವುದಿಲ್ಲ. ಒಗೆದ ಬಟ್ಟೆಯನ್ನು ಅದರೊಳಗೆ ಹಾಕುವ ಮೊದಲು ನಿಮ್ಮದೇ ಒಂದು ಟವೆಲ್ಲು ಹಾಸಿಕೊಳ್ಳಿ.

ಒಗೆದು ತೆಗೆದಾಗ ಕಪ್ಪು ಅಂಗಿಯ ಮೇಲೆ ಕಿತ್ತಳೆ ಬಣ್ಣದ ಮಚ್ಚೆಗಳಿದ್ದವು. ಇದೇನು?

ಬ್ಲೀಚ್. ನಿಮಗಿಂತ ಮುಂಚೆ ಒಗೆದವರು ಹಾಕಿದ್ದು ಸೋಪಿನ ತಟ್ಟೆಯಲ್ಲಿ ಉಳಿದಿತ್ತು, ನೀರು ಬಿದ್ದಾಗ ಇಳಿದು ಬಂದಿದೆ. ಇದು ಕಲೆಯಲ್ಲ, ಬಣ್ಣವೇ ಹೋಗಿರುವುದು, ಹಾಗಾಗಿ ಎಷ್ಟು ಒಗೆದರೂ ಮರಳುವುದಿಲ್ಲ. ಮುಂದಿನ ಸಲ ಸೋಪಿನ ತಟ್ಟೆಯನ್ನು ಎಳೆದು ಮೂಸಿ ನೋಡಿ, ಈಜುಕೊಳದ ವಾಸನೆ ಬಂದರೆ ಅದಕ್ಕೆ ನೀರು ಸುರಿದು ತೊಳೆಯಿರಿ.

ಅಲ್ಲಿಂದ ತಿಗಣೆ ಮನೆಗೆ ಬರುತ್ತವೆಯೇ?

ಬರಬಹುದು, ಆದರೆ ಯಂತ್ರದ ಒಳಗಿಂದಲ್ಲ. ಕುರ್ಚಿಯ ಸಂದಿಯಿಂದ, ಬುಟ್ಟಿಯಿಂದ, ನೆಲದ ಮೇಲೆ ಇಟ್ಟ ಪಕ್ಕದವರ ಚೀಲದಿಂದ ಬರುತ್ತವೆ. ತಿಗಣೆಗೂ ಅದರ ಮೊಟ್ಟೆಗೂ ಬಿಸಿ ಆಗದು. ಡ್ರೈಯರ್‌ನಲ್ಲಿ ಹೆಚ್ಚಿನ ಶಾಖದಲ್ಲಿ 30 ನಿಮಿಷ ಸುತ್ತಿದರೆ ಎರಡೂ ಸಾಯುತ್ತವೆ. ಹಾಗಾಗಿ ಚೀಲವನ್ನು ನೆಲದ ಮೇಲೆ ಇಡಬೇಡಿ, ಯಂತ್ರದ ಮೇಲಿಡಿ. ಬಟ್ಟೆಯ ಚೀಲವಾಗಿದ್ದರೆ ಕೊನೆಗೆ ಅದನ್ನೂ ಡ್ರೈಯರ್‌ಗೆ ಹಾಕಿಬಿಡಿ.

ನಿಮ್ಮ ಮನೆಯಲ್ಲೇ ತಿಗಣೆ ಇದ್ದರೆ ಬಟ್ಟೆಯನ್ನು ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ತಂದು, ಯಂತ್ರದ ಬಾಯಿಯಲ್ಲೇ ಬಿಚ್ಚಿ ನೇರವಾಗಿ ಒಳಗೆ ಸುರಿಯಿರಿ. ಖಾಲಿ ಚೀಲವನ್ನು ಮತ್ತೆ ಗಂಟು ಕಟ್ಟಿ ಎಸೆಯಿರಿ. ಇದನ್ನು ನಾಚಿಕೆಯ ವಿಷಯ ಮಾಡಿಕೊಳ್ಳಬೇಡಿ. ಹೀಗೆ ಎಚ್ಚರ ವಹಿಸಿದವರಿಂದ ಯಾರಿಗೂ ತೊಂದರೆ ಆಗಿದ್ದು ನನಗೆ ನೆನಪಿಲ್ಲ.

ಮನೆಯಲ್ಲಿ ವಾಂತಿಭೇದಿಯಾದವರ ಬಟ್ಟೆಯನ್ನು ಅಲ್ಲಿಗೆ ಒಯ್ಯುವುದು ಸರಿಯೇ?

ಮನೆಯಲ್ಲಿ ಬೇರೆ ದಾರಿ ಇಲ್ಲದಿದ್ದರೆ ಒಯ್ಯಲೇಬೇಕಲ್ಲ. ಘನ ಕೊಳೆಯನ್ನು ಶೌಚಾಲಯದಲ್ಲೇ ತೆಗೆದುಹಾಕಿ, ಬಟ್ಟೆಯನ್ನು ಕೊಡವದೆ ಪ್ರತ್ಯೇಕ ಚೀಲದಲ್ಲಿ ತನ್ನಿ. 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಟ್ಟೆ ತಾಳುವುದಾದರೆ ಬ್ಲೀಚ್ ಇರುವ ಸೋಪಿನಲ್ಲಿ ಒಗೆದು, ಡ್ರೈಯರ್‌ನಲ್ಲಿ ಪೂರ್ತಿ ಒಣಗಿಸಿ. ಬೇರೆ ಬಟ್ಟೆಯ ಜೊತೆ ಬೆರೆಸಬೇಡಿ. ನಂತರ ಯಂತ್ರದ ಬಾಗಿಲು, ಗುಂಡಿಗಳನ್ನು ಒರೆಸಿ, ಕೈ ತೊಳೆದುಕೊಂಡು ಹೊರಡಿ. ನಿಮ್ಮ ನಂತರ ಅದೇ ಯಂತ್ರಕ್ಕೆ ಹಸುಗೂಸಿನ ಬಟ್ಟೆ ಬೀಳಬಹುದು.

ಅಲ್ಲಿ ಒಣಗಿಸಿದ ಬಟ್ಟೆ ತೊಟ್ಟರೆ ಮೈ ಕೆರೆತ. ಸೋಪು ನನ್ನದೇ, ಆದರೂ ಏಕೆ?

ಡ್ರೈಯರ್‌ಗೆ ಹಿಂದಿನವರು ಹಾಕಿದ ಪರಿಮಳದ ಹಾಳೆಗಳ ಮೇಣದಂಥ ಪದರ ಡ್ರಮ್ಮಿಗೆ ಅಂಟಿರುತ್ತದೆ, ಬಿಸಿಗೆ ಅದು ನಿಮ್ಮ ಬಟ್ಟೆಗೆ ಹತ್ತುತ್ತದೆ. ಒದ್ದೆ ಬಟ್ಟೆಯಿಂದ ಡ್ರಮ್ಮನ್ನು ಒರೆಸಿ ನೋಡಿ. ಕಡಿಮೆಯಾಗದಿದ್ದರೆ ಅಲ್ಲಿ ಒಗೆದಷ್ಟೇ ಮಾಡಿ, ಒಣಗಿಸುವುದನ್ನು ಮನೆಯಲ್ಲಿ ಮಾಡಿಕೊಳ್ಳಿ.

## ಕಳ್ಳತನ, ಕ್ಯಾಮೆರಾ, ನಡವಳಿಕೆ

ಯಂತ್ರ ಓಡುತ್ತಿರುವಾಗ ಹೊರಗೆ ಹೋಗಿಬರಬಹುದೇ?

ನನಗೆ ಬಂದ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಸಲ ಕೇಳಿದ್ದು ಇದನ್ನೇ. ನನ್ನ ಉತ್ತರ: ಒಗೆಯುವಾಗ ಬೇಕಾದರೆ ಹೋಗಿ, ಒಣಗುವಾಗ ಹೋಗಬೇಡಿ.

ಕಾರಣ ಸರಳ. ಒಗೆಯುವ ಯಂತ್ರದ ಬಾಗಿಲಿಗೆ ಬೀಗವಿರುತ್ತದೆ. ಸುತ್ತು ಮುಗಿದು ನೀರು ಖಾಲಿಯಾಗುವವರೆಗೆ ಅದು ತೆರೆಯುವುದಿಲ್ಲ. ಒಳಗಿರುವುದು ನೀರಿನಲ್ಲಿ ನೆನೆದು ಭಾರವಾದ ಬಟ್ಟೆ. ಡ್ರೈಯರ್‌ನ ಬಾಗಿಲನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಎಳೆಯಬಹುದು, ಎಳೆದರೆ ಯಂತ್ರ ನಿಲ್ಲುತ್ತದೆ ಅಷ್ಟೆ. ಒಳಗಿರುವುದು ಶುಭ್ರವಾದ, ಬೆಚ್ಚಗಿನ, ತೊಟ್ಟುಕೊಂಡೇ ಹೋಗಬಹುದಾದ ಬಟ್ಟೆ. ನನ್ನ ಎರಡು ವರ್ಷದ ಪಾಳಿಯಲ್ಲಿ ಬಟ್ಟೆ ಕಳೆದುಕೊಂಡವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಕಳೆದುಕೊಂಡದ್ದು ಡ್ರೈಯರ್‌ನಿಂದ, 'ಹತ್ತೇ ನಿಮಿಷ' ಎಂದು ಹೊರಗೆ ಹೋದಾಗ.

ಒಬ್ಬ ವಯಸ್ಸಾದವರು ಬರುತ್ತಿದ್ದರು. ಡ್ರೈಯರ್‌ನ ಗಾಜಿನ ಎದುರಿಗೆ ಕುರ್ಚಿ ಎಳೆದುಕೊಂಡು, ಕೈಯಲ್ಲಿ ಪತ್ರಿಕೆ ಇದ್ದರೂ ಓದದೆ, ನಲವತ್ತು ನಿಮಿಷವೂ ತಮ್ಮ ಬಟ್ಟೆ ಸುತ್ತುವುದನ್ನೇ ನೋಡುತ್ತಿದ್ದರು. ಹೆಂಡತಿ ಹೆಣೆದ ನೀಲಿ ಸ್ವೆಟರು ಒಮ್ಮೆ ಅಲ್ಲೇ ಕಳುವಾಗಿತ್ತಂತೆ. ಆಕೆ ತೀರಿಕೊಂಡು ಆಗಲೇ ಆರು ವರ್ಷ. "ಅದನ್ನು ಕದ್ದವನಿಗೆ ಅದು ಒಂದು ಸ್ವೆಟರು" ಎಂದರು, ಮುಂದೆ ಮಾತಾಡಲಿಲ್ಲ. ಆ ದಿನದಿಂದ ಯಾರಾದರೂ 'ಬಟ್ಟೆ ತಾನೇ' ಎಂದರೆ ನನಗೆ ಒಪ್ಪಲಾಗುವುದಿಲ್ಲ. ಮತ್ತೆ ಸಿಗದ ಉಡುಪನ್ನು ದಯವಿಟ್ಟು ಅಲ್ಲಿಗೆ ಒಯ್ಯಬೇಡಿ, ಬಕೆಟ್ಟಿನಲ್ಲಿ ಕೈಯಾರೆ ಒಗೆದುಕೊಳ್ಳಿ.

ಹೊರಗೆ ಹೋಗಲೇಬೇಕಾದರೆ ಸುತ್ತು ಮುಗಿಯುವ ಐದು ನಿಮಿಷ ಮುಂಚೆಗೆ ಮೊಬೈಲಿನಲ್ಲಿ ಅಲಾರಂ ಇಡಿ.

ಯಾರದೋ ಬಟ್ಟೆ ಮುಗಿದು ಎಷ್ಟೋ ಹೊತ್ತಾಯಿತು, ಯಂತ್ರ ಬೇರೆ ಖಾಲಿ ಇಲ್ಲ. ನಾನು ತೆಗೆದಿಡಬಹುದೇ?

ಹತ್ತರಿಂದ ಹದಿನೈದು ನಿಮಿಷ ಕಾಯಿರಿ. ಸಿಬ್ಬಂದಿ ಇದ್ದರೆ ಅವರಿಗೇ ಹೇಳಿ. ಇಲ್ಲದಿದ್ದರೆ ಅಲ್ಲಿರುವ ಎಲ್ಲರಿಗೂ ಕೇಳುವಂತೆ "ಈ ಯಂತ್ರ ಯಾರದು?" ಎಂದು ಒಮ್ಮೆ ಕೂಗಿ ಕೇಳಿ. ಆಮೇಲೂ ಯಾರೂ ಬರದಿದ್ದರೆ ಒಂದು ಶುಭ್ರ ಬುಟ್ಟಿಗೆ ಅಷ್ಟನ್ನೂ ಒಟ್ಟಿಗೆ ತೆಗೆದಿಟ್ಟು, ಬುಟ್ಟಿಯನ್ನು ಆ ಯಂತ್ರದ ಎದುರಿಗೇ ಬಿಡಿ. ಮಡಚಲು ಹೋಗಬೇಡಿ, ಅದು ಉಪಕಾರವಾಗಿ ಕಾಣುವುದಿಲ್ಲ. ಓಡುತ್ತಿರುವ ಯಂತ್ರವನ್ನು ನಿಲ್ಲಿಸಿ ತೆಗೆಯುವುದಂತೂ ಯಾವ ಕಾರಣಕ್ಕೂ ಕೂಡದು. ನನ್ನ ಟವೆಲ್ಲುಗಳನ್ನು ಯಾರೋ ಹಾಗೆ ತೆಗೆದು ಒದ್ದೆಯಾಗಿಯೇ ನೆಲದ ಮೇಲೆ ರಾಶಿ ಹಾಕಿದ್ದನ್ನು ನೋಡಿದಾಗ ಆದ ಅವಮಾನ ಇನ್ನೂ ಮರೆತಿಲ್ಲ.

ಡ್ರೈಯರ್ ತೆರೆದರೆ ಬಟ್ಟೆಯೇ ಇಲ್ಲ. ಈಗ ಏನು ಮಾಡಲಿ?

ಮೊದಲು ಅಕ್ಕಪಕ್ಕದ ಯಂತ್ರಗಳನ್ನೂ ಬುಟ್ಟಿಗಳನ್ನೂ ನೋಡಿ. ಸಾಲಾಗಿ ಒಂದೇ ಬಗೆಯ ಬಾಗಿಲುಗಳಿರುವಲ್ಲಿ ಯಂತ್ರವನ್ನು ತಪ್ಪಾಗಿ ನೆನಪಿಟ್ಟುಕೊಳ್ಳುವುದು, ಇನ್ನೊಬ್ಬರು ತಮ್ಮದೆಂದು ಭಾವಿಸಿ ಒಯ್ಯುವುದು, ಎರಡೂ ಆಗುತ್ತವೆ. ಒಂದು ಗಂಟೆಯೊಳಗೆ ಓಡಿ ಬಂದು ಮರಳಿಸಿದವರನ್ನು ಕಂಡಿದ್ದೇನೆ. ಅಲ್ಲಿಯೇ ನಿಂತು ಯಂತ್ರದ ಸಂಖ್ಯೆ, ಹಾಕಿದ ಮತ್ತು ನೋಡಿದ ಸಮಯ, ಕಳೆದ ಬಟ್ಟೆಗಳ ಪಟ್ಟಿಯನ್ನು ಬರೆದುಕೊಳ್ಳಿ. ಸಿಬ್ಬಂದಿಗೆ ತಿಳಿಸಿ, ಯಾರೂ ಇಲ್ಲದಿದ್ದರೆ ಗೋಡೆಯ ಮೇಲಿನ ಸಂಖ್ಯೆಗೆ ಕರೆ ಮಾಡಿ, ಬರಹದಲ್ಲೂ ಕಳುಹಿಸಿ. ಬೆಲೆಬಾಳುವ ಬಟ್ಟೆಗಳಾಗಿದ್ದರೆ ಪೊಲೀಸರಿಗೆ ದೂರು ಕೊಡಿ. ಮಾಲೀಕರು ಕ್ಯಾಮೆರಾದ ದೃಶ್ಯವನ್ನು ನಿಮ್ಮ ಕೈಗೆ ಕೊಡಲು ಒಪ್ಪದಿರಬಹುದು, ಪೊಲೀಸರು ಕೇಳಿದರೆ ಮಾತು ಬೇರೆ.

ಕದ್ದವರು ಇವರೇ ಎಂದು ಅನಿಸಿದರೂ ಬೆನ್ನಟ್ಟಿ ಹೋಗಬೇಡಿ, ಕೈ ಹಿಡಿದು ಎಳೆಯಬೇಡಿ.

ಮೂಲೆ ಮೂಲೆಯಲ್ಲಿ ಸಿಸಿಟಿವಿ ಇದೆಯಲ್ಲ, ಮತ್ತೆ ಭಯವೇಕೆ?

ಕ್ಯಾಮೆರಾ ನೋಡುತ್ತದೆ, ತಡೆಯುವುದಿಲ್ಲ. ಹೆಚ್ಚಿನ ಕಡೆ ಅದನ್ನು ಬಾಗಿಲು, ನಾಣ್ಯ ಬದಲಾಯಿಸುವ ಯಂತ್ರ ಮತ್ತು ಕೌಂಟರಿನ ಕಡೆಗೆ ತಿರುಗಿಸಿರುತ್ತಾರೆ, ಅಂದರೆ ಮಾಲೀಕರ ದುಡ್ಡು ಇರುವ ಕಡೆಗೆ. ಡ್ರೈಯರ್ ಸಾಲಿನ ಕೊನೆಯ ಮೂಲೆ ಕಾಣುತ್ತದೆಯೇ ಎಂದು ಒಮ್ಮೆ ನೀವೇ ಅಳೆದು ನೋಡಿ. ಇನ್ನೊಂದು ವಿಷಯ: ಜಾಗ ತುಂಬಿದಂತೆ ಹಳೆಯ ದೃಶ್ಯಗಳ ಮೇಲೆ ಹೊಸವು ಬರೆದುಕೊಳ್ಳುತ್ತ ಹೋಗುತ್ತವೆ. ಹಾಗಾಗಿ ದೂರು ಕೊಡುವುದಿದ್ದರೆ ಅದೇ ದಿನ ಕೊಡಿ, 'ಈ ಸಮಯದ ದೃಶ್ಯವನ್ನು ಅಳಿಸದೆ ತೆಗೆದಿಡಿ' ಎಂದು ಬರಹದಲ್ಲಿ ಕೇಳಿಕೊಳ್ಳಿ.

ನನ್ನ ಒಳಉಡುಪುಗಳು ಮಾತ್ರ ಕಾಣೆಯಾಗಿವೆ. ಹೇಳಿಕೊಳ್ಳಲೂ ಸಂಕೋಚ.

ಸಂಕೋಚ ಪಡಬೇಕಾದವರು ಕದ್ದವರು. ದಯವಿಟ್ಟು ಸುಮ್ಮನಿರಬೇಡಿ. ನಾನಿದ್ದಲ್ಲಿ ಮೂವರು ಹೆಂಗಸರಿಗೆ ಹೀಗಾಗಿತ್ತು, ಆದರೆ ಮೊದಲಿನ ಇಬ್ಬರು ಯಾರಿಗೂ ಹೇಳಿರಲಿಲ್ಲ. ಮೂರನೆಯವರು ಬಾಯಿ ಬಿಟ್ಟ ಮೇಲೆ ಸಮಯ ತಾಳೆ ನೋಡಿದರೆ ಮೂರೂ ಸಲ ವಾರದ ಅದೇ ದಿನ, ಅದೇ ಹೊತ್ತು. ಹೇಳಿದರೆ ಮಾತ್ರ ಜಾಡು ಸಿಗುತ್ತದೆ. ಈ ಬಟ್ಟೆಗಳನ್ನು ಜಿಪ್ ಇರುವ ಬಲೆಚೀಲದಲ್ಲಿ ಹಾಕಿ ಒಗೆಯಿರಿ, ಮನೆಗೆ ಒಯ್ದು ಮಡಚಿಕೊಳ್ಳಿ. ನೀವು ಮುಚ್ಚಿಟ್ಟುಕೊಳ್ಳಬೇಕಾದ್ದಿದೆ ಎಂದು ಇದನ್ನು ಹೇಳುತ್ತಿಲ್ಲ, ತೆಗೆಯುವ ಕೈಗೆ ಸುಲಭವಾಗಬಾರದು ಎಂದು ಹೇಳುತ್ತಿದ್ದೇನೆ.

## ದುಡ್ಡಿನ ವಿಚಾರ

ಯಂತ್ರ ದುಡ್ಡು ನುಂಗಿತು, ಓಡಲೇ ಇಲ್ಲ. ವಾಪಸು ಬರುತ್ತದೆಯೇ?

ಸಾಮಾನ್ಯವಾಗಿ ಬರುತ್ತದೆ, ಕೇಳುವ ರೀತಿ ಸರಿ ಇದ್ದರೆ. ಮೊದಲು ಬಾಗಿಲು ಕ್ಲಿಕ್ ಎನ್ನುವಂತೆ ಮುಚ್ಚಿದೆಯೇ ನೋಡಿ. ನಾನು ಪಾಳಿಯಲ್ಲಿದ್ದಾಗ ಬಂದ ದೂರುಗಳಲ್ಲಿ ಹೆಚ್ಚಿನವು ಬಾಗಿಲನ್ನು ಇನ್ನೊಮ್ಮೆ ಒತ್ತಿದಾಗಲೇ ಮುಗಿಯುತ್ತಿದ್ದವು. ಆಗದಿದ್ದರೆ ಯಂತ್ರದ ಸಂಖ್ಯೆಯೂ ಪರದೆಯ ಮೇಲಿನ ಅಕ್ಷರಗಳೂ ಕಾಣುವಂತೆ ಚಿತ್ರ ತೆಗೆಯಿರಿ. ಯಂತ್ರವನ್ನು ಗುದ್ದಬೇಡಿ, ಗುದ್ದಿದ ದೃಶ್ಯ ಕ್ಯಾಮೆರಾದಲ್ಲಿದ್ದರೆ ನಿಮ್ಮ ದೂರಿಗೆ ಬಲವಿರುವುದಿಲ್ಲ. ಮುಂದಿನವರು ಮೋಸ ಹೋಗದಂತೆ ಒಂದು ಚೀಟಿ ಬರೆದು ಅಂಟಿಸಿ.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದುಡ್ಡು ಕಟ್ಟುವುದು, ಕಾರ್ಡ್ ಉಜ್ಜುವುದು ಎಷ್ಟು ಸುರಕ್ಷಿತ?

ಸಿಬ್ಬಂದಿಯಿಲ್ಲದ ಜಾಗದಲ್ಲಿ ಅಸಲಿ ಕೋಡಿನ ಮೇಲೆ ನಕಲಿ ಚೀಟಿ ಅಂಟಿಸುವುದು ಒಂದು ಕ್ಷಣದ ಕೆಲಸ. ಅಂಚನ್ನು ಉಗುರಿನಿಂದ ಕೆದಕಿ ನೋಡಿ. ಕೆಳಗೆ ಇನ್ನೊಂದು ಕೋಡ್ ಇದ್ದರೆ, ಪಕ್ಕದ ಯಂತ್ರದ ಚೀಟಿಗಿಂತ ಇದರ ಕಾಗದ ಬೇರೆಯಾಗಿದ್ದರೆ ಅಲ್ಲಿ ಕಟ್ಟಬೇಡಿ. ಹಣ ಕಳುಹಿಸುವ ಮುನ್ನ ಪರದೆಯಲ್ಲಿ ಬರುವ ಹೆಸರು ಅಂಗಡಿಯದ್ದೇ ಎಂದು ಓದಿಕೊಳ್ಳಿ. ಕಾರ್ಡಿನ ಕಿಂಡಿಯನ್ನು ಹಿಡಿದು ಒಮ್ಮೆ ಅಲುಗಿಸಿ, ಮೇಲೆ ಕೂರಿಸಿದ ಕಳ್ಳ ಉಪಕರಣವಾಗಿದ್ದರೆ ಸಡಿಲ ಇರುತ್ತದೆ. ಕಾರ್ಡನ್ನು ಉಜ್ಜುವುದಕ್ಕಿಂತ ಚಿಪ್ ತೂರಿಸುವುದು ಅಥವಾ ಹತ್ತಿರ ಹಿಡಿಯುವುದು ಮೇಲು. ಕಾಂತಪಟ್ಟಿಯಲ್ಲಿರುವ ಮಾಹಿತಿ ಬದಲಾಗದು, ನಕಲು ಸುಲಭ. ಚಿಪ್ ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ಹುಟ್ಟಿಸುತ್ತದೆ. ಪಿನ್ ಒತ್ತುವಾಗ ಇನ್ನೊಂದು ಕೈ ಅಡ್ಡ ಇರಲಿ.

ಲಾಂಡ್ರಿ ಆ್ಯಪ್‌ನಲ್ಲಿ ದೊಡ್ಡ ಮೊತ್ತ ತುಂಬಿಟ್ಟುಕೊಳ್ಳಬಹುದೇ?

ಬೇಡ. ಎರಡು ಸಲಕ್ಕೆ ಸಾಕಾಗುವಷ್ಟು ಮಾತ್ರ ಇಡಿ. 2024ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಶಾಖೆಯ ಇಬ್ಬರು ವಿದ್ಯಾರ್ಥಿಗಳು ಇಂಥ ಯಂತ್ರಗಳ ದೊಡ್ಡದೊಂದು ಜಾಲದಲ್ಲಿ ದೋಷವನ್ನು ತೋರಿಸಿಕೊಟ್ಟರು. ದುಡ್ಡು ಇದೆಯೇ ಇಲ್ಲವೇ ಎಂಬ ಪರೀಕ್ಷೆ ನಡೆಯುತ್ತಿದ್ದದ್ದು ಬಳಕೆದಾರರ ಫೋನಿನೊಳಗಿನ ಆ್ಯಪ್‌ನಲ್ಲಿ. ಕಂಪನಿಯ ಸರ್ವರ್ ಅದು ಹೇಳಿದ್ದನ್ನು ಹಾಗೆಯೇ ನಂಬುತ್ತಿತ್ತು. ಹಾಗಾಗಿ ದುಡ್ಡಿಲ್ಲದೆ ಯಂತ್ರ ಓಡಿಸಲು, ಖಾತೆಯಲ್ಲಿ ಲಕ್ಷಗಟ್ಟಲೆ ಡಾಲರ್ ಇರುವಂತೆ ತೋರಿಸಲು ಅವರಿಗೆ ಸಾಧ್ಯವಾಯಿತು. ತಿಂಗಳುಗಟ್ಟಲೆ ಮುಂಚೆಯೇ ಕಂಪನಿಗೆ ತಿಳಿಸಿದ್ದರೂ ಉತ್ತರ ಬಂದಿರಲಿಲ್ಲ. ಅಲ್ಲಿ ನಷ್ಟ ಕಂಪನಿಯದ್ದು, ನಿಜ. ಆದರೆ ದೋಷವಿದೆ ಎಂದು ಹೇಳಿದರೂ ಕಿವಿಗೆ ಹಾಕಿಕೊಳ್ಳದ ಕಡೆ ನನ್ನ ಉಳಿತಾಯವನ್ನೋ ಬ್ಯಾಂಕ್ ಕಾರ್ಡಿನ ವಿವರವನ್ನೋ ಒಪ್ಪಿಸಲು ನನಗೆ ಧೈರ್ಯ ಬಾರದು. ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ.

## ನಿಮ್ಮ ಸುರಕ್ಷತೆ

ಕೆಲಸ ಮುಗಿಯುವುದೇ ರಾತ್ರಿ. ಒಬ್ಬಳೇ ಹೋಗುವುದು ಸರಿಯೇ?

ಹೋಗಬಾರದು ಎಂದು ಹೇಳುವುದು ಸುಲಭ, ಆದರೆ ನಿಮಗೆ ಅದೇ ಹೊತ್ತು ಸಿಗುವುದಾದರೆ ಆ ಮಾತಿನಿಂದ ಏನೂ ಪ್ರಯೋಜನವಿಲ್ಲ. ಜಾಗವನ್ನು ಹಗಲಿನಲ್ಲಿ ಆರಿಸಿಕೊಳ್ಳಿ. ರಸ್ತೆಗೆ ಪೂರ್ತಿ ಗಾಜಿನ ಮುಖ, ಪಕ್ಕದಲ್ಲಿ ತಡರಾತ್ರಿವರೆಗೆ ತೆರೆದಿರುವ ಇನ್ನೊಂದು ಅಂಗಡಿ, ಒಳಗೆ ಎಲ್ಲ ದೀಪಗಳೂ ಉರಿಯುತ್ತಿರುವುದು, ಸಂಜೆಯೂ ಇರುವ ಸಿಬ್ಬಂದಿ. ಇವುಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಸಿಬ್ಬಂದಿಯನ್ನು ಆರಿಸುತ್ತೇನೆ. ಅದಕ್ಕಾಗಿ ಎರಡು ಬೀದಿ ಹೆಚ್ಚು ನಡೆದರೂ ನಷ್ಟವಿಲ್ಲ.

ಕೂರುವುದು ಬಾಗಿಲು ಕಾಣುವ ಕಡೆ, ಬೆನ್ನಿಗೆ ಗೋಡೆ ಇರುವಂತೆ. ಎರಡು ಕಿವಿಗೂ ಇಯರ್‌ಫೋನ್ ಬೇಡ. ಹೊರಟಾಗ ಮನೆಯವರಿಗೋ ಗೆಳತಿಗೋ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಸಂದೇಶ ಕಳುಹಿಸಿ. ಚೀಲದ ಮೇಲೆ ವಿಳಾಸ ಬರೆಯಬೇಡಿ, ಕೆಲಸದ ಗುರುತಿನ ಚೀಟಿಯನ್ನು ಕುತ್ತಿಗೆಯಿಂದ ತೆಗೆದು ಒಳಗಿಡಿ. ನನ್ನ ಹೆಸರು ಹಿಡಿದು ಅಪರಿಚಿತರೊಬ್ಬರು ಕರೆದಾಗ, ಅದು ಎದೆಯ ಮೇಲಿನ ಬ್ಯಾಡ್ಜಿನಿಂದ ತಿಳಿದದ್ದು ಎಂದು ಹೊಳೆಯಲು ನನಗೆ ಎರಡು ದಿನ ಬೇಕಾಯಿತು.

ಒಬ್ಬರು ಸುಮ್ಮನೆ ಕುಳಿತು ದಿಟ್ಟಿಸಿ ನೋಡುತ್ತಿರುತ್ತಾರೆ, ಬಟ್ಟೆಯೂ ಒಗೆಯುವುದಿಲ್ಲ. ಬಟ್ಟೆ ಬಿಟ್ಟು ಎದ್ದು ಹೋಗಲೇ?

ಹೋಗಿ. ಬಟ್ಟೆ ಅಲ್ಲೇ ಇರಲಿ. ಈ ಪುಟದಲ್ಲಿ ಬಟ್ಟೆ ಕಾಯುವ ಬಗ್ಗೆ ಎಷ್ಟೇ ಹೇಳಿದ್ದರೂ, ನಿಮಗೂ ಬಟ್ಟೆಗೂ ನಡುವೆ ಆರಿಸಬೇಕಾಗಿ ಬಂದರೆ ಅದು ಯೋಚಿಸುವ ವಿಷಯವೇ ಅಲ್ಲ. ಜನರಿರುವ ಪಕ್ಕದ ಅಂಗಡಿಗೆ ಹೋಗಿ, ಅಲ್ಲಿಂದ ಲಾಂಡ್ರಿಯವರಿಗೆ ಕರೆ ಮಾಡಿ. ಭಯವಾದರೆ ತುರ್ತು ಸಂಖ್ಯೆಗೆ. ನೇರವಾಗಿ ಮನೆಗೆ ಹೋಗಬೇಡಿ, ಹಿಂಬಾಲಿಸುವವರಿಗೆ ಮನೆ ತೋರಿಸಿದಂತಾಗುತ್ತದೆ. ಇನ್ನೊಬ್ಬರ ಜೊತೆ ಮರಳಿ ಬಂದು ಬಟ್ಟೆ ತೆಗೆದುಕೊಂಡರಾಯಿತು.

ಒಂದು ಮಾತನ್ನೂ ಸೇರಿಸಬೇಕು. ಚಳಿಗೆ, ಮಳೆಗೆ, ಮನೆಯಿಲ್ಲದೆ ಒಳಗೆ ಬಂದು ಕೂರುವವರೂ ಇದ್ದಾರೆ. ಬಟ್ಟೆ ಒಗೆಯದೆ ಕುಳಿತವರೆಲ್ಲ ಅಪಾಯದವರಲ್ಲ. ಅವರು ಯಾರ ಕಡೆ ನೋಡುತ್ತಾರೆ, ನೀವು ಎದ್ದು ಜಾಗ ಬದಲಿಸಿದರೆ ಅವರೂ ಬದಲಿಸುತ್ತಾರೆಯೇ ಎಂಬುದರಿಂದ ವ್ಯತ್ಯಾಸ ತಿಳಿಯುತ್ತದೆ.

ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದಾದರೆ ಮಾತ್ರ. ಮಕ್ಕಳು ಡ್ರಮ್ಮಿನೊಳಗೆ ನುಸುಳಿ ಅಡಗಿಕೊಳ್ಳುತ್ತಾರೆ. ಬಾಗಿಲು ಮುಚ್ಚಿಕೊಂಡರೆ ಒಳಗಿನಿಂದ ತೆರೆಯಲಾಗದೆ ಉಸಿರುಗಟ್ಟಿ ಸತ್ತ ಪ್ರಕರಣಗಳಿವೆ. ಹಾಕುವ ಮೊದಲು ಡ್ರಮ್ಮಿನೊಳಗೆ ನೋಡುವುದನ್ನು ಪ್ರತಿಯೊಬ್ಬರೂ ರೂಢಿ ಮಾಡಿಕೊಳ್ಳಬೇಕು. ಬಣ್ಣಬಣ್ಣದ ಸೋಪಿನ ಗುಳಿಗೆಗಳು ಮಕ್ಕಳ ಕಣ್ಣಿಗೆ ಮಿಠಾಯಿ. ಕಚ್ಚಿದರೆ ಒಳಗಿನ ಗಾಢ ದ್ರವ ಬಾಯಿ, ಗಂಟಲು, ಕಣ್ಣನ್ನು ಸುಡುತ್ತದೆ. ಮೇಜಿನ ಮೇಲೆ ಒಂದು ಗುಳಿಗೆಯನ್ನೂ ಬಿಟ್ಟು ಹೋಗಬೇಡಿ. ಚಕ್ರದ ಬುಟ್ಟಿ ಆಟದ ಗಾಡಿಯಲ್ಲ, ಮಗುಚಿ ಬೀಳುತ್ತದೆ.

## ಬೆಂಕಿ ಮತ್ತು ಯಂತ್ರದ ಅಪಾಯ

ಸುತ್ತು ಮುಗಿದರೂ ಬಾಗಿಲು ತೆರೆಯುತ್ತಿಲ್ಲ. ಜೋರಾಗಿ ಎಳೆಯಲೇ?

ಎಳೆಯಬೇಡಿ, ಒಂದೆರಡು ನಿಮಿಷ ಕಾಯಿರಿ. ಡ್ರಮ್ಮು ಪೂರ್ತಿ ನಿಂತ ಮೇಲೆ ಬೀಗ ಬಿಚ್ಚುವಂತೆ ಬೇಕೆಂದೇ ತಡ ಇಟ್ಟಿರುತ್ತಾರೆ. ದೊಡ್ಡ ಯಂತ್ರಗಳು ಹಿಂಡುವಾಗ ಬಟ್ಟೆಯ ಮೇಲೆ ಬೀಳುವ ಬಲ ಗುರುತ್ವದ 100ರಿಂದ 400 ಪಟ್ಟು. ಆ ವೇಗದಲ್ಲಿ ಸುತ್ತುವ ಡ್ರಮ್ಮಿಗೆ ಕೈ ಸಿಕ್ಕಿ ಒಂದು ಬಟ್ಟೆ ಸುತ್ತಿಕೊಂಡರೆ ತೋಳೇ ಮುರಿಯುತ್ತದೆ. ಬೀಗ ಕೆಟ್ಟು ಸುತ್ತುವಾಗಲೇ ತೆರೆದುಕೊಳ್ಳುವ ಯಂತ್ರ ಕಂಡರೆ ತಕ್ಷಣ ತಿಳಿಸಿ, ತಿಳಿಸದೆ ಮನೆಗೆ ಹೋಗಬೇಡಿ.

ಎಣ್ಣೆಯಾದ ಟವೆಲ್ಲು, ಒರೆಸುವ ಬಟ್ಟೆಗಳನ್ನು ಚೆನ್ನಾಗಿ ಒಗೆದ ಮೇಲೂ ಡ್ರೈಯರ್‌ಗೆ ಹಾಕಬೇಡಿ ಎನ್ನುತ್ತಾರಲ್ಲ, ಏಕೆ?

ಒಗೆದರೂ ನೂಲಿನಲ್ಲಿ ಸ್ವಲ್ಪ ಎಣ್ಣೆ ಉಳಿಯುತ್ತದೆ. ಅಡುಗೆ ಎಣ್ಣೆ, ಮಸಾಜ್ ಎಣ್ಣೆ, ಮರಕ್ಕೆ ಬಳಿಯುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ತಾವೇ ಬಿಸಿ ಹುಟ್ಟಿಸುತ್ತವೆ. ಬಟ್ಟೆ ಹರಡಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಡ್ರೈಯರ್‌ನಿಂದ ಬಿಸಿಬಿಸಿಯಾಗಿ ತೆಗೆದು ರಾಶಿ ಹಾಕಿದರೆ ನಡುವೆ ಬಿಸಿ ಏರುತ್ತಾ ಏರುತ್ತಾ, ಕಿಡಿಯಿಲ್ಲದೆಯೇ ಗಂಟೆಗಳ ನಂತರ ಹೊತ್ತಿಕೊಳ್ಳಬಹುದು. ಒಮ್ಮೆ ಮಡಚಿಟ್ಟ ಟವೆಲ್ಲುಗಳ ಕಟ್ಟಿನ ಮೇಲೆ ಕೈ ಇಟ್ಟಾಗ, ಡ್ರೈಯರ್‌ನಿಂದ ತೆಗೆದು ಅರ್ಧ ಗಂಟೆ ಕಳೆದಿದ್ದರೂ ಅದು ಮೊದಲಿಗಿಂತ ಬಿಸಿಯಾಗಿತ್ತು. ಬಿಡಿಸಿದರೆ ನಡುವಿನ ಟವೆಲ್ಲು ಕಂದು ಬಣ್ಣಕ್ಕೆ ತಿರುಗಿತ್ತು, ಸುಟ್ಟ ಎಣ್ಣೆಯ ವಾಸನೆ. ಆ ಕಂದು ವೃತ್ತ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ಇಂಥ ಬಟ್ಟೆಯನ್ನು ಹಗ್ಗದ ಮೇಲೆ ಒಣಗಿಸಿ. ಪೆಟ್ರೋಲು, ಥಿನ್ನರ್ ತಾಗಿದ ಬಟ್ಟೆಯನ್ನು ಒಗೆಯುವ ಯಂತ್ರಕ್ಕೂ ಹಾಕಬೇಡಿ. ಡ್ರೈಯರ್‌ನ ಕೊನೆಯ ಕೆಲವು ನಿಮಿಷ ಶಾಖವಿಲ್ಲದೆ ಗಾಳಿ ಮಾತ್ರ ಬರುವುದು ಬಟ್ಟೆ ತಣಿಯಲೆಂದು, ಅದನ್ನು ತಪ್ಪಿಸಿ ಮುಂಚೆಯೇ ತೆಗೆಯಬೇಡಿ. ಲಿಂಟ್ ಎನ್ನುವ ನೂಲಿನ ಧೂಳಿನ ಜಾಲರಿಯನ್ನು ಬಟ್ಟೆ ಹಾಕುವ ಮೊದಲೂ ತೆಗೆದ ಮೇಲೂ ಬಳಿದು ಶುಚಿ ಮಾಡಿ. ಬೆಂಕಿಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ.

ಜೇಬು ನೋಡದೆ ಹಾಕಿಬಿಟ್ಟೆ. ಯಾವುದಕ್ಕೆ ನಿಜವಾಗಿ ಹೆದರಬೇಕು?

ಲೈಟರ್ ಮತ್ತು ಬ್ಯಾಟರಿಗೆ. ಲೈಟರ್ ಡ್ರೈಯರ್‌ನ ಬಿಸಿಗೆ ಸಿಡಿಯಬಹುದು. ಇಯರ್‌ಫೋನ್, ಇ-ಸಿಗರೇಟಿನ ಲಿಥಿಯಂ ಬ್ಯಾಟರಿ ಜಜ್ಜಿದರೆ ಉರಿಯುತ್ತದೆ. ಪೆನ್ನು, ಲಿಪ್‌ಸ್ಟಿಕ್ ಜೀವ ತೆಗೆಯುವುದಿಲ್ಲ, ಆದರೆ ನಿಮ್ಮ ಬಟ್ಟೆಯನ್ನೂ ನಂತರದವರ ಬಟ್ಟೆಯನ್ನೂ ಹಾಳುಮಾಡುತ್ತವೆ. ಡ್ರೈಯರ್‌ನಲ್ಲಿ ಹೊಗೆ ಕಂಡರೆ ಬಾಗಿಲು ತೆರೆಯಬೇಡಿ, ಗಾಳಿ ಸಿಕ್ಕಿ ಭುಗ್ಗನೆ ಹೊತ್ತುತ್ತದೆ. ಯಂತ್ರವನ್ನು ನಿಲ್ಲಿಸಿ, ಎಲ್ಲರನ್ನೂ ಹೊರಗೆ ಕರೆದು, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ಕಲೆ ಹೋಗಲೆಂದು ಬ್ಲೀಚ್ ಜೊತೆ ವಿನಿಗರ್ ಸೇರಿಸಬಹುದೇ?

ಎಂದಿಗೂ ಬೇಡ. ಕ್ಲೋರಿನ್ ಬ್ಲೀಚ್‌ಗೆ ಆಮ್ಲ ಬಿದ್ದರೆ ಕ್ಲೋರಿನ್ ಅನಿಲ, ಅಮೋನಿಯಾ ಬಿದ್ದರೆ ಕ್ಲೋರಮೈನ್ ಹುಟ್ಟುತ್ತದೆ. ಎರಡೂ ಶ್ವಾಸಕೋಶಕ್ಕೆ ವಿಷ. ಮೂತ್ರದಲ್ಲಿ ನೆನೆದ ಬಟ್ಟೆಯಲ್ಲೂ ಅಮೋನಿಯಾ ಇರುತ್ತದೆ, ಅದನ್ನು ಮೊದಲು ಬರೀ ನೀರಿನಲ್ಲಿ ಜಾಲಿಸಿಕೊಳ್ಳಿ.

## ಬಟ್ಟೆಯನ್ನು ಅವರಿಗೇ ಒಪ್ಪಿಸುವವರಿಗೆ, ಅಂಗಡಿ ನಡೆಸುವವರಿಗೆ

ಒಗೆದು ಮಡಚಿಡಲು ಕೊಟ್ಟಿದ್ದೆ, ಎರಡು ಅಂಗಿ ಬರಲೇ ಇಲ್ಲ. ಅವರು ಒಪ್ಪುತ್ತಿಲ್ಲ.

ತೂಕದ ಲೆಕ್ಕದಲ್ಲಿ ಕೊಡುವುದರ ತೊಡಕೇ ಇದು: ರಶೀದಿಯಲ್ಲಿ ಕಿಲೋ ಇರುತ್ತದೆ, ಅಂಗಿ ಇರುವುದಿಲ್ಲ. ಕೊಡುವ ಮೊದಲು ಬಟ್ಟೆಗಳನ್ನು ಹರಡಿ ಒಂದು ಚಿತ್ರ ತೆಗೆದುಕೊಳ್ಳಿ, ಎಣಿಸಿ ಸಂಖ್ಯೆಯನ್ನು ರಶೀದಿಯ ಮೇಲೆ ಅವರಿಂದಲೇ ಬರೆಸಿ. ರಶೀದಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಕಳೆದರೆ ಇಷ್ಟರ ಮೇಲೆ ಕೊಡುವುದಿಲ್ಲ, ಇಷ್ಟು ದಿನದ ನಂತರ ದೂರು ಕೇಳುವುದಿಲ್ಲ ಎಂದು ಅಲ್ಲಿರುತ್ತದೆ. ಮರಳಿ ತೆಗೆದುಕೊಳ್ಳುವಾಗ ಕೌಂಟರಿನಲ್ಲೇ ಎಣಿಸಿ. ಹಾಳಾದ ಬಟ್ಟೆಗೆ ಪರಿಹಾರ ಕೇಳುವಾಗ ಬಟ್ಟೆಯೊಳಗಿನ ಲೇಬಲ್ಲೇ ಸಾಕ್ಷಿ: ಚೌಕದೊಳಗಿನ ವೃತ್ತಕ್ಕೆ ಅಡ್ಡಗೆರೆ ಇದ್ದರೂ ಡ್ರೈಯರ್‌ಗೆ ಹಾಕಿದ್ದರೆ ತಪ್ಪು ಅವರದ್ದು, ಲೇಬಲ್ ಕಿತ್ತ ಬಟ್ಟೆ ಕೊಟ್ಟಿದ್ದರೆ ವಾದಿಸುವುದು ಕಷ್ಟ.

ನಾನೇ ಒಂದು ಸ್ವಸೇವಾ ಲಾಂಡ್ರಿ ನಡೆಸುತ್ತಿದ್ದೇನೆ. ಕ್ಯಾಮೆರಾ ಹೆಚ್ಚಿಸಲೇ, ಬಾಗಿಲಿಗೆ ಕಾರ್ಡ್ ಬೀಗ ಹಾಕಿಸಲೇ?

ಎರಡಕ್ಕೂ ಮೊದಲು ಸಂಜೆಯಿಂದ ಮುಚ್ಚುವವರೆಗೆ ಒಬ್ಬರನ್ನು ನೇಮಿಸಿ. ನಾನು ಆ ಕೆಲಸ ಮಾಡಿದವನೆಂದು ಪಕ್ಷಪಾತ ಎನ್ನಬಹುದು, ಆದರೆ ನೆಲ ಒರೆಸುತ್ತಾ ಓಡಾಡುವ ಒಬ್ಬ ಮನುಷ್ಯನಿದ್ದರೆ ಮೇಲಿನ ಪ್ರಶ್ನೆಗಳಲ್ಲಿ ಅರ್ಧದಷ್ಟು ಹುಟ್ಟುವುದೇ ಇಲ್ಲ. ಯಾರು ಯಾವ ಯಂತ್ರ ಹಾಕಿದರು ಎಂಬುದು ಅವರಿಗೆ ಗೊತ್ತಿರುತ್ತದೆ. ಸುಟ್ಟ ವಾಸನೆ ಮೊದಲು ಬರುವುದು ಅವರ ಮೂಗಿಗೆ. ಅವರಿಗೆ ಹೊರಗೆ ಕರೆ ಮಾಡಲು ಫೋನ್, ಅಪಾಯವೆನಿಸಿದರೆ ಅಂಗಡಿ ಬಿಟ್ಟು ಹೊರಹೋಗಲು ನಿಮ್ಮ ಸ್ಪಷ್ಟ ಅನುಮತಿ, ರಾತ್ರಿ ಹಣ ಎಣಿಸಲು ಬೀಗವಿರುವ ಕೋಣೆ ಕೊಡಿ. ಒಬ್ಬರೇ ಇರುವಾಗ ನಾಣ್ಯದ ಡಬ್ಬಿ ತೆರೆಸಬೇಡಿ.

ನಂತರ ದೀಪ. ಕಿಟಕಿಗೆ ಅಂಟಿಸಿದ ಜಾಹೀರಾತುಗಳನ್ನೆಲ್ಲ ಕಿತ್ತುಹಾಕಿ, ಒಳಗಿನದು ಹೊರಗೂ ಹೊರಗಿನದು ಒಳಗೂ ಕಾಣಲಿ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಂಗಡಿಯ ವಿಳಾಸವನ್ನು ಬರೆಸಿ. ತುರ್ತು ಕರೆ ಮಾಡಿದವರು 'ಎಲ್ಲಿದ್ದೀರಿ' ಎಂಬ ಪ್ರಶ್ನೆಗೆ ತಡವರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಮೇಲೆ ಕ್ಯಾಮೆರಾ, ಡ್ರೈಯರ್ ಸಾಲಿನ ಕಡೆಗೆ. ಕಾರ್ಡ್ ಬೀಗ ಕೊನೆಗೆ, ಅದೂ ರಾತ್ರಿ ಹೊತ್ತಿಗೆ ಮಾತ್ರ; ಒಳಗಿನಿಂದ ಬರಿಗೈಯಲ್ಲಿ ತಳ್ಳಿದರೆ ತೆರೆಯುವಂತಿರಬೇಕು.